ಗುಂಡು ಬಂದ ವರ್ಷ

ಹೊಲಿಗೆಯಕ್ಕ ಯಾರನ್ನೂ ನಂಬುವುದಿಲ್ಲ ಎಂದು ಬೀದಿಯವರು ಹೇಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ನಂಬುತ್ತಿದ್ದಳು, ಆದರೆ ಸುಮ್ಮಸುಮ್ಮನೆ ಅಲ್ಲ. ಅಂಗಡಿಯಿಂದ ತಂದ ಬಟ್ಟೆಯನ್ನು ನೋಡುವಂತೆ ಮನುಷ್ಯರನ್ನೂ ಬೆಳಕಿಗೆ ಹಿಡಿದು, ಅಂಚು ಎಳೆದು, ಬಣ್ಣ ಬಿಡುತ್ತದೆಯೇ ಎಂದು ನೋಡಿ, ಆಮೇಲೆ ನಂಬುತ್ತಿದ್ದಳು.

ಇದಕ್ಕೆ ಅವಳ ಹತ್ತಿರ ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ಗಂಡ ಕೆಲಸದ ಮೇಲೆ ಆಗಾಗ ಪರಸ್ಥಳಕ್ಕೆ ಹೋಗಿಬರುತ್ತಿದ್ದ. ಒಮ್ಮೆ ಹಿಂತಿರುಗಿದವನ ಅಂಗಿ ಒಗೆಯಲು ತೆಗೆದುಕೊಂಡಾಗ ಒಂದು ಗುಂಡಿಯ ಮೇಲೆ ಅವಳ ಕಣ್ಣು ನಿಂತಿತು. ಅವಳು ಗುಂಡಿ ಹಾಕುವಾಗ ದಾರವನ್ನು ಅಡ್ಡಡ್ಡ ಹಾಯಿಸುತ್ತಿದ್ದಳು. ಈ ಗುಂಡಿಯಲ್ಲಿ ದಾರ ಎರಡು ನೇರ ಗೆರೆಯಾಗಿತ್ತು. ಯಾರು ಹಾಕಿಕೊಟ್ಟರು ಎಂದು ಕೇಳಿದ್ದಕ್ಕೆ ಅವನು ಲಾಡ್ಜಿನ ಪಕ್ಕದ ಟೈಲರ್ ಎಂದ. ಟೈಲರ್ ಆಗಿದ್ದರೆ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚುತ್ತಿರಲಿಲ್ಲ, ಕತ್ತರಿ ಹಾಕುತ್ತಿದ್ದ ಎಂದು ಅವಳು ಹಟ ಹಿಡಿದಳು. ಮನೆಮಂದಿಯೆಲ್ಲ ಅವಳಿಗೇ ಬೈದರು, ಇಲ್ಲದ ಹುಳ ತಲೆಗೆ ಬಿಟ್ಟುಕೊಂಡಿದ್ದೀಯ ಎಂದರು. ಕೊನೆಗೆ ಅಲ್ಲೊಂದು ಸಂಸಾರ ಇದ್ದದ್ದು ಬಯಲಾಯಿತು. ಗಂಡ ಆ ಸಂಸಾರಕ್ಕೇ ಹೋದ. ಹೊಲಿಗೆಯಕ್ಕ ಮೆಷಿನ್ನು ಹೊತ್ತುಕೊಂಡು ತಾಯಿಯ ಮನೆಗೆ ಬಂದಳು. ಅವತ್ತಿನಿಂದ ಬೀದಿಯವರು ಅವಳ ಅನುಮಾನವನ್ನು ಗೇಲಿ ಮಾಡುತ್ತಲೇ, ಏನಾದರೂ ಎಡವಟ್ಟಿನ ವಿಷಯ ಬಂದರೆ ಮೊದಲು ಅವಳ ಬಾಗಿಲಿಗೇ ಬರುತ್ತಿದ್ದರು.

ಆ ಬೀದಿಯಲ್ಲಿ ಮನೆಗಳೆಲ್ಲ ಒಂದೇ ಸಾಲು. ಎದುರಿಗೆ ರಸ್ತೆ, ಬೆನ್ನಿಗೆ ಗುಡ್ಡ. ಹಿತ್ತಿಲ ಗೋಡೆಗಳಿಂದ ಒಂದಿಷ್ಟು ಮೇಲೆ, ಇಳಿಜಾರಿನಲ್ಲಿ, ಎರಡಂತಸ್ತಿನ ಮನೆಯಷ್ಟು ದೊಡ್ಡ ಕಲ್ಲೊಂದು ಕೂತಿತ್ತು. ಎಲ್ಲರೂ ಅದನ್ನು ಬಂಡೆ ಎನ್ನುತ್ತಿದ್ದರು. ಸಿಲಿಂಡರ್ ತರುವವನಿಗೆ ದಾರಿ ಹೇಳುವಾಗಲೂ ‘ಬಂಡೆ ಕೆಳಗಿನ ಸಾಲು’ ಎಂದರೆ ಮುಗಿಯಿತು. ಅದರ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಬಟ್ಟೆ ಒಣಗುತ್ತಿತ್ತು, ಅದರ ಬುಡದ ಸಂದಿಯಲ್ಲಿ ಬೆಕ್ಕು ಮರಿ ಹಾಕುತ್ತಿತ್ತು, ಬೇಸಿಗೆಯ ಮಧ್ಯಾಹ್ನ ಅದರ ನೆರಳು ಹಿತ್ತಿಲಿಗೆ ಬೀಳುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಕಲ್ಲಿಗೆ ಯಾರು ಹೆದರುತ್ತಾರೆ?

ಹೊಲಿಗೆಯಕ್ಕನ ತಾಯಿಯೊಬ್ಬಳು ಮಾತ್ರ ಅದನ್ನು ಗುಂಡು ಎನ್ನುತ್ತಿದ್ದಳು. ‘ಗುಂಡಿನ ಹತ್ತಿರ ಹೋಗ್ಬೇಡಿ’, ‘ಗುಂಡಿನ ಮೇಲೆ ಕಾಗೆ ಕೂತಿದೆ’ ಎಂದು. ವಯಸ್ಸಾದವರ ಬಾಯಲ್ಲಿ ಹಳೆಯ ಮಾತು ಉಳಿದಿರುತ್ತದೆ, ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಆ ವರ್ಷದ ಬೇಸಿಗೆಗೆ ಮೊದಲು ಗುಡ್ಡದ ಆಚೆ ಬದಿಯಲ್ಲಿ ಜಲ್ಲಿ ಕ್ರಷರ್ ಶುರುವಾಯಿತು. ಹೊಲಿಗೆಯಕ್ಕನ ತಮ್ಮನಿಗೆ ಅಲ್ಲಿ ಟಿಪ್ಪರ್ ಓಡಿಸುವ ಕೆಲಸ ಸಿಕ್ಕಿತು. ಅವನು ಹೆಂಡತಿಯೊಂದಿಗೆ ಪೇಟೆಯ ಕಡೆ ಬೇರೆ ಮನೆ ಮಾಡಿದ್ದ, ವಾರಕ್ಕೊಮ್ಮೆ ಬಂದು ತಾಯಿಯನ್ನು ನೋಡಿಕೊಂಡು ಹೋಗುತ್ತಿದ್ದ. ಕೆಲಸ ಸಿಕ್ಕಿತಲ್ಲ ಎಂದು ತಾಯಿಗೆ ಖುಷಿ. ಅಕ್ಕ ಮಾತ್ರ ಬೇರೆಯೇ ಲೆಕ್ಕ ಹಾಕತೊಡಗಿದಳು. ಆ ಕಡೆಯ ಕಲ್ಲು ಮುಗಿದ ಮೇಲೆ ಕ್ರಷರ್ ಮಾಲೀಕ ಯಾವ ಕಡೆ ನೋಡುತ್ತಾನೆ? ಈ ಕಡೆಯೇ ತಾನೆ? ಈ ಕಡೆ ನೋಡಿದರೆ ಅವನಿಗೆ ಮೊದಲು ಕಾಣುವುದು ಏನು? ಅವಳು ಇದನ್ನು ಬೀದಿಯ ತುದಿಯ ಕಟಿಂಗ್ ಶಾಪಿನಲ್ಲಿ ಹೇಳಿದಳು. ಅಲ್ಲಿ ಹೇಳಿದ್ದು ಸಂಜೆಯೊಳಗೆ ಎಲ್ಲ ಅಡುಗೆಮನೆಗಳಲ್ಲೂ ಹೇಳಿದಂತೆ.

ಹೀಗೆ ಬೀದಿಯ ಮೂಗು ಆಗಲೇ ಚುರುಕಾಗಿದ್ದಾಗ ಒಬ್ಬಳು ಹುಡುಗಿ ಬಂದಳು. ಹೆಗಲಿಗೆ ಬಟ್ಟೆಯ ಚೀಲ, ಕಾಲಿಗೆ ಧೂಳಾದ ಶೂ, ಕೈಯಲ್ಲೊಂದು ಫೋನು. ಕಟಿಂಗ್ ಶಾಪಿನವನನ್ನು ಕೇಳಿದ ಮೊದಲ ಪ್ರಶ್ನೆಯೇ, “ಅಣ್ಣ, ಹಿಂದೆ ಕಾಣ್ತಿದೆಯಲ್ಲ, ಅದಕ್ಕೆ ಇಲ್ಲಿ ಏನಂತೀರಿ?”

ಅವನು ಸುಳ್ಳು ಯಾಕೆ ಹೇಳಲಿ, ಬಂಡೆ ಎಂದ. ಯಾಕೆ ಬಂಡೆ ಅಂತೀರಿ ಎಂದು ಅವಳ ಎರಡನೆಯ ಪ್ರಶ್ನೆ. ಅವನ ಕೈಯಲ್ಲಿದ್ದ ರೇಜರ್ ಗಿರಾಕಿಯ ಕೆನ್ನೆಯ ಮೇಲೆ ನಿಂತುಬಿಟ್ಟಿತು. ಮೂವತ್ತು ವರ್ಷ ತಲೆ ಬೋಳಿಸಿದವನಿಗೆ ಇಂಥ ಪ್ರಶ್ನೆ ಯಾರೂ ಹಾಕಿರಲಿಲ್ಲ. ಎಷ್ಟು ಬೈದರೂ ಕದಲದವನನ್ನು ಭಂಡ ಅನ್ನೋದಿಲ್ಲವೇ, ಕದಲದ ಕಲ್ಲು ಬಂಡೆ ಎಂದು ಅವನು ಅಲ್ಲೇ ಒಂದು ಅರ್ಥ ಕಟ್ಟಿಕೊಟ್ಟ. ಕುರ್ಚಿಯಲ್ಲಿದ್ದ ಗಿರಾಕಿ, ಬೀದಿಯ ಸ್ಟೌ ರಿಪೇರಿಯವ, ನೊರೆ ಮೆತ್ತಿದ ಬಾಯಲ್ಲೇ ಅದೆಲ್ಲ ಬೊಗಳೆ ಎಂದು ಸೇರಿಸಿದ. ಹುಡುಗಿ ನಕ್ಕಳು, ಎರಡನ್ನೂ ಫೋನಿನಲ್ಲಿ ಹಿಡಿದುಕೊಂಡಳು. ನಿಘಂಟಿಗೆ ಪದ ಕೂಡಿಸುವ ಕೆಲಸ ತನ್ನದು, ದೊಡ್ಡ ಕಲ್ಲಿಗೆ ಜನ ಎಲ್ಲೆಲ್ಲಿ ಏನೇನು ಅನ್ನುತ್ತಾರೆ ಎಂದು ಕೇಳುತ್ತ ತಿರುಗುತ್ತಿದ್ದೇನೆ ಎಂದು ವಿವರಿಸಿದಳು.

ಅವಳು ಬಾಗಿಲು ದಾಟುವುದರೊಳಗೆ ಸುದ್ದಿ ಅವಳಿಗಿಂತ ಮುಂದೆ ಓಡಿತ್ತು. ಕಲ್ಲನ್ನು ಏನೆಂದು ಕರೆಯುತ್ತಾರೆ ಎಂದು ಕೇಳುವುದಕ್ಕೆ ಯಾರಾದರೂ ಸಂಬಳ ಕೊಟ್ಟು ಜನ ಇಡುತ್ತಾರೆಯೇ? ಕಲ್ಲು ಬೇಕಾದವರು ಇಡುತ್ತಾರೆ. ಹೊಲಿಗೆಯಕ್ಕ ಮೆಷಿನ್ನಿನ ಪೆಡಲ್ ನಿಲ್ಲಿಸಿ, ಬಾಗಿಲಲ್ಲಿ ನಿಂತು, ಹುಡುಗಿಯನ್ನು ತಡೆದಳು. ಚೀಲದ ಹೊಲಿಗೆ ನೋಡಿದಳು, ಶೂ ನೋಡಿದಳು. ಗುಡ್ಡ ಹತ್ತಿಳಿದ ಕೆಂಪು ಧೂಳು ಶೂವಿನ ಮೇಲಿತ್ತು. ಕ್ರಷರ್ ಕಡೆಯಿಂದ ಬಂದೆಯಾ ಎಂದು ಕೇಳಿದಳು. ಹುಡುಗಿ ಹೌದು, ಆ ಕಡೆಯ ಹಳ್ಳಿಯಲ್ಲೂ ಕೇಳಿಕೊಂಡು ಬಂದೆ ಎಂದಳು. ಇನ್ನೇನು ಬೇಕು? ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ, ಮುಂದೆ ಹೋಗು ಎಂದು ಹೊಲಿಗೆಯಕ್ಕ ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಒಳಗಿನಿಂದ ತಾಯಿಯ ದನಿ ಬಂತು.

“ಯಾರು ಅದು? ಬಿಸಿಲಲ್ಲಿ ನಿಲ್ಲಿಸಿ ಏನು ಪಂಚಾಯಿತಿ? ಒಳಗೆ ಬಾಮ್ಮ.”

ತಾಯಿಗೆ ಕಣ್ಣು ಮಂಜು, ಮಾತಿನ ಹಸಿವು ಜಾಸ್ತಿ. ಕೇಳುವವರು ಸಿಕ್ಕಿದ್ದೇ ಅವಳಿಗೆ ಹಬ್ಬ. ಹುಡುಗಿ ಚಾಪೆಯ ಮೇಲೆ ಕೂತು ಫೋನನ್ನು ನಡುವೆ ಇಟ್ಟು, ಹಿಂದಿನ ಬಂಡೆಯ ವಿಷಯ ತೆಗೆದಳು.

“ಅದು ಬಂಡೆ ಅಲ್ಲ ಕಣಮ್ಮ. ಗುಂಡು,” ಎಂದಳು ತಾಯಿ. “ಈಗಿನವರಿಗೆ ಎಲ್ಲಾನೂ ಬಂಡೆ. ನೆಲಕ್ಕೆ ಬೇರು ಬಿಟ್ಟ ಹಾಗೆ ಇರುತ್ತಲ್ಲ, ಮೇಲೊಂದಿಷ್ಟು ಕಾಣುತ್ತೆ, ಉಳಿದದ್ದು ಒಳಗಿರುತ್ತೆ, ಅದು ಬಂಡೆ. ಇದು ಹಾಗಲ್ಲ.”

ಹುಡುಗಿ ಮುಂದಕ್ಕೆ ಬಾಗಿದಳು. ಇದು ಹೇಗೆ ಎಂದು ಕೇಳಿದಳು.

“ಒರಳಲ್ಲಿ ತಿರುಗೋದನ್ನ ಏನಂತೀವಿ? ಗುಂಡು. ಒರಳಿಗೆ ಅಂಟಿಕೊಂಡು ಕೂತಿದ್ರೆ ಅದನ್ನ ಗುಂಡು ಅಂತಿದ್ವಾ? ಇದೂ ಹಾಗೇನೆ. ಗುಂಡು ಬಂದ ವರ್ಷ ನಮ್ಮಜ್ಜಿ ಇನ್ನೂ ತೊಟ್ಟಿಲಲ್ಲಿದ್ಲಂತೆ.”

ಬಾಗಿಲ ಹತ್ತಿರ ನಿಂತಿದ್ದ ಹೊಲಿಗೆಯಕ್ಕ ಇಲ್ಲಿ ಬಾಯಿ ಹಾಕಿದಳು. ಗುಂಡು ಬಂದ ವರ್ಷ ಎನ್ನುವುದನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಅಜ್ಜಿಯಂದಿರ ವಯಸ್ಸು ಲೆಕ್ಕ ಹಾಕುವಾಗೆಲ್ಲ ಆ ಮಾತು ಬರುತ್ತಿತ್ತು. ಗೋಲಿಬಾರ್ ಆದ ವರ್ಷ, ಯಾವುದೋ ಗಲಾಟೆಯಲ್ಲಿ ಗುಂಡು ಹಾರಿದ ವರ್ಷ ಎಂದೇ ಅವಳೂ ತಮ್ಮನೂ ತಿಳಿದಿದ್ದರು. ತಮ್ಮ ಸಣ್ಣವನಿದ್ದಾಗ ಗೋಡೆಯ ಒಂದು ತೂತನ್ನು ಆ ಗುಂಡು ತಾಗಿದ ಜಾಗವೆಂದು ಗೆಳೆಯರಿಗೆ ತೋರಿಸುತ್ತಿದ್ದ. ಸಾರಾಯಿ ಅಂಗಡಿ ಬಂದ ವರ್ಷ ಇರಬೇಕು, ಗುಂಡು ಹಾಕುವವರಿಗೆ ಅದೇ ನೆನಪಿರುತ್ತದೆ ಎಂದು ಕಟಿಂಗ್ ಶಾಪಿನವ ತಮಾಷೆ ಮಾಡುತ್ತಿದ್ದ.

“ಯಾವ ಗೋಲಿಬಾರು?” ಎಂದಳು ತಾಯಿ. “ಯಾರು ಹೇಳಿದ್ದು ನಿಂಗೆ? ಗುಂಡು ಅಂದ್ರೆ ಗುಂಡು. ಕಲ್ಲು. ಮೇಲಿಂದ ಬಂತು.”

“ಮತ್ತೆ ಇಷ್ಟು ವರ್ಷ ಹೇಳಲೇ ಇಲ್ವಲ್ಲಮ್ಮ.”

“ನೀವು ಕೇಳಿದ್ರಾ?”

ಹುಡುಗಿ ಫೋನನ್ನು ತಾಯಿಯ ಹತ್ತಿರಕ್ಕೆ ಸರಿಸಿದಳು. ಗುಂಡು ಎಂದರೆ ಮೂಲದಲ್ಲಿ ಉರುಟಾದದ್ದು ಎಂದಷ್ಟೇ ಅರ್ಥ, ಗುಂಡಗಿದೆ ಅನ್ನುತ್ತೇವಲ್ಲ ಅದೇ ಮಾತು, ಕಲ್ಲು ಉರುಟಾಗಿದ್ದರೆ ಅದೂ ಗುಂಡು, ಕೋವಿಯೊಳಗಿನ ಸೀಸವೂ ಗುಂಡು ಎಂದು ಹೇಳಿದಳು. ಬಂಡೆಯ ವಿಷಯ ಅಷ್ಟು ಸಲೀಸಲ್ಲ, ಪಕ್ಕದ ಭಾಷೆಯವರೂ ಬಂಡ ಎನ್ನುತ್ತಾರೆ, ಅದರ ಬೇರು ಎಲ್ಲಿದೆ ಎಂದು ತನಗೆ ಖಾತ್ರಿಯಿಲ್ಲ, ಭಂಡನಿಗೂ ಅದಕ್ಕೂ ನಂಟು ಇರಲಿಕ್ಕಿಲ್ಲ ಎಂದಳು. ಹೀಗೆ ಹೇಳುತ್ತಿದ್ದರೂ ಅವಳ ಕಣ್ಣು ಹಿತ್ತಿಲ ಕಿಟಕಿಯ ಕಡೆಗೇ ಇತ್ತು. ಕಿಟಕಿಯ ತುಂಬ ಕಲ್ಲು.

“ಅಕ್ಕ, ನಾನೊಂದು ಸಲ ಮೇಲೆ ಹೋಗಿ ನೋಡ್ಲಾ?”

ಅಷ್ಟೇ ಸಾಕಾಯಿತು. ಮಾತು ಕೇಳಲು ಬಂದವಳಿಗೆ ಕಲ್ಲು ನೋಡುವ ಕೆಲಸವೇನು? ಹೊಲಿಗೆಯಕ್ಕನಿಗೆ ಎಲ್ಲ ಹೊಂದಿಕೊಂಡಂತೆ ಕಂಡಿತು. ಮೊದಲು ಮುದುಕಿಯ ಬಾಯಿಂದ ಕಲ್ಲು ಉರುಳಿ ಬಂದದ್ದು ಎಂದು ಹೇಳಿಸುವುದು, ಆಮೇಲೆ ಮತ್ತೆ ಉರುಳೀತು ಎಂದು ಹೆದರಿಸುವುದು, ಬೀದಿ ಖಾಲಿಯಾದ ಮೇಲೆ ಕ್ರಷರ್ ಮಾಲೀಕ ಬರುವುದು. ಅವಳು ಹುಡುಗಿಯನ್ನು ರಸ್ತೆಯ ತಿರುವಿನವರೆಗೂ ಹಿಂಬಾಲಿಸಿ ಕಳಿಸಿ ಬಂದಳು. ತಾಯಿ ಅಂದು ಊಟ ಮಾಡುವಾಗ ಮಗಳ ಮುಖ ನೋಡಲಿಲ್ಲ.

ಕೆಲವು ದಿನಗಳ ಮೇಲೆ ಇಬ್ಬರು ಗಂಡಸರು ಮೂರು ಕಾಲಿನ ಉಪಕರಣವೊಂದನ್ನು ಹೊತ್ತು ಬಂದರು, ಬಂಡೆಯನ್ನು ಪರೀಕ್ಷಿಸಬೇಕು ಎಂದರು. ಯಾರು ಕಳಿಸಿದ್ದು ಎಂದರೆ ಕಚೇರಿಯ ಹೆಸರು ಹೇಳಿದರು. ಹೊಲಿಗೆಯಕ್ಕ ಗುರುತಿನ ಚೀಟಿ ಕೇಳಿದಳು, ತೋರಿಸಿದರು. ಚೀಟಿಯಲ್ಲಿನ ಫೋಟೋಕ್ಕೆ ಮೀಸೆ ಇತ್ತು, ಮನುಷ್ಯನಿಗೆ ಇರಲಿಲ್ಲ. ಬೀದಿಯೆಲ್ಲ ಸೇರಿ ಅವರನ್ನು ಹತ್ತಗೊಡಲಿಲ್ಲ. ಹೆಂಗಸರು ಹಿತ್ತಿಲ ಬಾಗಿಲುಗಳಿಗೆ ಅಡ್ಡ ನಿಂತರು. ಅವರಿಬ್ಬರೂ ಬೆವರು ಒರೆಸಿಕೊಂಡು ವಾಪಸಾದರು. ಆ ದಿನ ಹೊಲಿಗೆಯಕ್ಕನ ಮಾತಿಗೆ ಬೀದಿಯಲ್ಲಿ ಇದ್ದಷ್ಟು ತೂಕ ಹಿಂದೆಂದೂ ಇರಲಿಲ್ಲ.

ಆದರೆ ಅನುಮಾನ ಎಂಬುದು ಬಾಡಿಗೆಯ ನಾಯಿಯಲ್ಲ, ಹೊರಗಿನವರಿಗೆ ಮಾತ್ರ ಬೊಗಳಿ ಸುಮ್ಮನಿರುವುದಕ್ಕೆ. ಮೆಷಿನ್ನಿನ ಮುಂದೆ ಕೂತಾಗ ತಾಯಿಯ ಒರಳಿನ ಮಾತು ಅವಳ ತಲೆಯಲ್ಲಿ ತಿರುಗುತ್ತಿತ್ತು. ಹುಡುಗಿ ಸುಳ್ಳಿ ಎಂದು ಸಾಬೀತು ಮಾಡಿಯೇ ಬಿಡೋಣ ಎಂದು ಒಂದು ಮಧ್ಯಾಹ್ನ, ಎಲ್ಲರೂ ಮಲಗಿದ್ದಾಗ, ಅವಳು ಹಿತ್ತಿಲ ಗೋಡೆ ದಾಟಿ ಹತ್ತಿದಳು. ಬೆಕ್ಕಿನ ಸಂದಿಯಲ್ಲಿ ಮಂಡಿಯೂರಿ ತಲೆ ತೂರಿಸಿದಳು. ಅಷ್ಟು ವರ್ಷದಲ್ಲಿ ಆ ಕಲ್ಲಿನ ಬುಡವನ್ನು ಅವಳು ನೋಡಿರಲಿಲ್ಲ. ಕೆಳಗೆ ಇಳಿಜಾರಾದ ಹಾಸುಗಲ್ಲು. ಅದರ ಮೇಲೆ ಈ ಕಲ್ಲು. ಎರಡರ ನಡುವೆ ಒಂದು ಪದರ ಮಣ್ಣು, ಸಣ್ಣ ಸಣ್ಣ ಬೇರು, ಆಚೆ ತುದಿಯಲ್ಲಿ ಬೆಳಕಿನ ಒಂದು ಗೀಟು. ಕಲ್ಲಿನ ಅಡಿಯಿಂದ ಬೆಳಕು ಕಂಡದ್ದು ಅವಳಿಗೆ ಸರಿಬೀಳಲಿಲ್ಲ.

ಬಟ್ಟೆ ಕತ್ತರಿಸುವಾಗ ಎರಡು ತುಂಡು ಸರಿಯಾಗಿ ಕೂಡಬೇಕೆಂದು ಅಂಚಿನಲ್ಲಿ ಗುರುತು ಹಾಕುತ್ತಾರೆ. ಅವಳು ಸೆರಗಿನ ಗಂಟಿನಲ್ಲಿದ್ದ ಸೀಮೆಸುಣ್ಣದ ಬಿಲ್ಲೆ ತೆಗೆದು, ಮೇಲಿನ ಕಲ್ಲಿನಿಂದ ಕೆಳಗಿನ ಕಲ್ಲಿಗೆ ಒಂದೇ ನೇರ ಗೆರೆ ಎಳೆದಳು. ವಾರ ಕಳೆದು ನೋಡಿದಾಗ ಗೆರೆಯ ಎರಡು ತುಂಡು ಒಂದಕ್ಕೊಂದು ಕೂಡುತ್ತಿರಲಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸ. ಯಾರೋ ಅಳಿಸಿ ಮತ್ತೆ ಎಳೆದಿದ್ದಾರೆ ಎಂದೇ ಅವಳಿಗೆ ಮೊದಲು ಅನಿಸಿತು. ಆ ಹುಡುಗಿಯೇ? ಇಲ್ಲಾ ತಮ್ಮನೇ? ಹಿಂದಿನ ದಿನವಷ್ಟೇ ಅವನು ಬಂದಿದ್ದ, ಕೈ ತೊಳೆಯಲು ಹಿತ್ತಿಲಿಗೆ ಹೋಗಿ ಬೇಗ ಬಂದಿರಲಿಲ್ಲ.

ಎರಡನೆಯ ಸಲ ಅವಳು ಕಿಟಕಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣ ತೆಗೆದುಕೊಂಡು ಹೋದಳು. ಹೊಟ್ಟೆಯ ಮೇಲೆ ತೆವಳಿದರೆ ಮಾತ್ರ ಕೈ ಮುಟ್ಟುವ ಜಾಗದಲ್ಲಿ ಗೆರೆ ಎಳೆದಳು. ತಾಯಿಗೂ ಹೇಳಲಿಲ್ಲ. ಮಳೆ ಶುರುವಾಗಿ ಒಂದಿಷ್ಟು ದಿನ ಆದ ಮೇಲೆ ಮತ್ತೆ ತೆವಳಿಕೊಂಡು ಹೋದಳು. ಕೆಂಪು ಗೆರೆಯ ಮೇಲಿನ ತುಂಡು ಕೆಳಗಿನ ತುಂಡಿನಿಂದ ಉಗುರಿನಷ್ಟು ಅಗಲ ಸರಿದಿತ್ತು, ಮನೆಗಳ ಕಡೆಗೆ. ಬಣ್ಣವನ್ನು ಯಾರೂ ಮುಟ್ಟಿರಲಿಲ್ಲ. ಅವಳದೇ ಕುಂಚದ ಒಂದು ಕೂದಲು ಅದರಲ್ಲಿ ಅಂಟಿಕೊಂಡೇ ಇತ್ತು.

ಕಲ್ಲಿನ ಹೊಟ್ಟೆ ಅವಳ ಬೆನ್ನಿನ ಮೇಲೆಯೇ ಇತ್ತು. ಹೇಗೆ ಹೊರಗೆ ಬಂದಳೋ ಅವಳಿಗೇ ಆಮೇಲೆ ನೆನಪಿರಲಿಲ್ಲ, ಮೊಣಕೈ ತರಚಿದ್ದು ಮಾತ್ರ ಮನೆಗೆ ಬಂದ ಮೇಲೆ ಉರಿಯಿತು.

ತಮ್ಮ ಬಂದಾಗ ಅವನಿಗೇ ಮೊದಲು ಹೇಳಿದಳು. ಅವನು ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅಷ್ಟು ದೊಡ್ಡ ಕಲ್ಲು ಎಲ್ಲಿಗೆ ಹೋಗುತ್ತದೆ, ನಿನ್ನದು ಯಾವಾಗಲೂ ಇದೇ ಕತೆ, ಸುಮ್ಮನಿರು ಎಂದ. ಆದರೆ ಆ ವಾರವೇ ಎರಡು ಸಲ ಫೋನ್ ಮಾಡಿ, ಅಮ್ಮ ಸ್ವಲ್ಪ ದಿನ ನಮ್ಮ ಮನೆಯಲ್ಲಿರಲಿ, ನೀನೂ ಬಾ ಎಂದು ಕರೆದ. ಹಿಂದೆಂದೂ ಕರೆಯದವನು. ಅವಳಿಗೆ ಅದು ಕಲ್ಲಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಇನ್ನು ಬೀದಿಗೆ ಹೇಳಬೇಕು. ಕಟಿಂಗ್ ಶಾಪಿನಲ್ಲಿ ಜನ ಸೇರಿದ್ದಾಗ ಹೋಗಿ, ಕಲ್ಲು ಜಾರುತ್ತಿದೆ, ಮನೆ ಬಿಡಬೇಕು ಎಂದಳು. ಯಾರೂ ಗಾಬರಿಯಾಗಲಿಲ್ಲ. ಅವಳೇ ಕಲಿಸಿಕೊಟ್ಟ ಕಣ್ಣಿನಿಂದ ಎಲ್ಲರೂ ಅವಳನ್ನು ನೋಡತೊಡಗಿದರು. ಸ್ಟೌ ರಿಪೇರಿಯವ ಬಾಯಿ ಬಿಟ್ಟು ಕೇಳಿಯೇಬಿಟ್ಟ, ಅವನ ನಾಲಿಗೆಗೆ ಎಲುಬಿರಲಿಲ್ಲ.

“ಅಲ್ಲಕ್ಕ, ಆ ಹುಡುಗಿ ಹೆದರಿಸೋಕೆ ಬಂದಾಗ ಓಡಿಸಿದ್ದು ನೀನೇ. ಈಗ ಅದೇ ಮಾತು ನೀನೇ ಹೇಳ್ತಿದ್ದೀಯ. ನಿನ್ನ ತಮ್ಮ ಯಾರ ಹತ್ರ ಗಾಡಿ ಓಡಿಸ್ತಾನೆ?”

ಅವನ ಜಾಗದಲ್ಲಿ ತಾನಿದ್ದರೂ ಇದನ್ನೇ ಕೇಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಆ ದಿನದಿಂದ ಅವಳ ಬಾಗಿಲಿಗೆ ಬಟ್ಟೆ ಬರುವುದು ನಿಂತಿತು. ಅಳತೆ ಕೊಟ್ಟಿದ್ದವರೂ ಹೊಲಿಯದ ಬಟ್ಟೆ ವಾಪಸ್ ತೆಗೆದುಕೊಂಡು ಹೋದರು. ನಲ್ಲಿಯ ಹತ್ತಿರ ಅವಳು ಬಂದರೆ ಮಾತು ಮುರಿಯುತ್ತಿತ್ತು. ತಾಯಿಯನ್ನು ಕರೆದುಕೊಂಡು ತಾನೊಬ್ಬಳೇ ಹೊರಡಬಹುದಿತ್ತು. ಹೊರಟರೆ ಬೀದಿಯವರ ಅನುಮಾನ ಗಟ್ಟಿಯಾಗುತ್ತದೆ, ಆಮೇಲೆ ಒಬ್ಬರೂ ಅಲುಗುವುದಿಲ್ಲ. ಇದನ್ನು ಯೋಚಿಸುತ್ತ ಅವಳು ಮೆಷಿನ್ನಿನ ಮುಂದೆ ಖಾಲಿ ಕೈಯಲ್ಲಿ ಕೂತಿರುತ್ತಿದ್ದಳು. ಕೊನೆಗೆ ಅವಳಿಗೆ ಹೊಳೆದದ್ದು ಇಷ್ಟು: ಗಂಡನ ವಿಷಯದಲ್ಲಿ ತಾನು ಯಾರ ಮಾತನ್ನು ನಂಬಿದೆ? ಯಾರದ್ದೂ ಅಲ್ಲ. ಗುಂಡಿಯನ್ನು ನಂಬಿದೆ, ಅದೂ ತನ್ನ ಕಣ್ಣಿನಿಂದ ನೋಡಿದ ಗುಂಡಿಯನ್ನು.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಅವಳು ಕಟಿಂಗ್ ಶಾಪಿನವನ ಮುಂದೆ ಹೋಗಿ ನಿಂತಳು. ಅವನು ಕನ್ನಡಿ ಒರೆಸುತ್ತಿದ್ದ, ತಿರುಗಲಿಲ್ಲ. ಕನ್ನಡಿಯೊಳಗಿನ ಅವನಿಗೇ ಅವಳು ಹೇಳಿದಳು.

“ಅಣ್ಣ, ನನ್ನ ಗೆರೆ ನಂಬಬೇಡ. ನಿನ್ನ ಗೆರೆ ನೀನೇ ಎಳ್ಕೋ. ಎಲ್ಲಿ ಎಳೆದೆ ಅಂತ ನಂಗೂ ಹೇಳಬೇಡ, ಯಾರಿಗೂ ಹೇಳಬೇಡ. ಮಳೆ ಬಂದು ಹೋದ ಮೇಲೆ ನೋಡು. ನಾನು ಸುಳ್ಳು ಹೇಳಿದ್ರೆ ಬೀದಿ ನಡುವೆ ನಿಲ್ಲಿಸಿ ಬೈಯಿ.”

ಅವನು ಕನ್ನಡಿ ಒರೆಸುವುದನ್ನು ಮುಂದುವರಿಸಿದ. ಅವಳು ಇದೇ ಮಾತನ್ನು ಪ್ರತಿ ಮನೆಯಲ್ಲೂ ಹೇಳಿದಳು. ಕೆಲವರು ಬಾಗಿಲು ತೆರೆಯಲಿಲ್ಲ, ಅವರಿಗೆ ಕಿಟಕಿಯಿಂದ ಹೇಳಿದಳು. ಸ್ಟೌ ರಿಪೇರಿಯವ ನಕ್ಕು, ಕಲ್ಲಿಗೆ ಗೆರೆ ಎಳೆಯುವಷ್ಟು ತನಗೆ ತಲೆ ಕೆಟ್ಟಿಲ್ಲ ಎಂದ.

ಆಮೇಲಿನ ದಿನಗಳಲ್ಲಿ ಹಿತ್ತಿಲುಗಳಲ್ಲಿ ವಿಚಿತ್ರ ಓಡಾಟ ಶುರುವಾಯಿತು. ಒಬ್ಬರು ಹತ್ತುತ್ತಿದ್ದಾಗ ಇನ್ನೊಬ್ಬರು ಇಳಿಯುತ್ತಿದ್ದರು, ಎದುರಾದರೆ ಬೆಕ್ಕು ಹುಡುಕಲು ಬಂದೆ ಎನ್ನುತ್ತಿದ್ದರು. ಬೀದಿಯಲ್ಲಿ ಅಷ್ಟು ಬೆಕ್ಕು ಇರಲಿಲ್ಲ. ಕಟಿಂಗ್ ಶಾಪಿನವ ತಲೆಗೆ ಹಚ್ಚುವ ಕಪ್ಪು ಡೈಯನ್ನೇ ಕುಂಚದಲ್ಲಿ ತೆಗೆದುಕೊಂಡು ಹೋಗಿ ಬಳಿದು ಬಂದಿದ್ದ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯೊಬ್ಬಳು ಉಗುರಿನ ಬಣ್ಣ ಹಚ್ಚಿದಳು. ಬೋರ್ಡ್ ಬರೆಯುವವ ಗೆರೆಯ ಪಕ್ಕದಲ್ಲಿ ತನ್ನ ಸಹಿಯನ್ನೂ ಹಾಕಿದ. ಪ್ರತಿಯೊಬ್ಬರೂ ತಮ್ಮ ಗುರುತು ಬಿಟ್ಟರೆ ಉಳಿದದ್ದನ್ನೆಲ್ಲ ಸಂಶಯದಿಂದ ನೋಡಿದರು.

ಆ ವರ್ಷ ಮಳೆ ಹಿಡಿದುಕೊಂಡು ಹೊಡೆಯಿತು. ಒಂದು ಬೆಳಿಗ್ಗೆ ಹೊಲಿಗೆಯಕ್ಕ ಬಾಗಿಲು ತೆರೆದಾಗ ಕಟಿಂಗ್ ಶಾಪಿನವನ ತಿರುಗುವ ಕುರ್ಚಿ ಕೈಗಾಡಿಯ ಮೇಲೆ ಏರುತ್ತಿತ್ತು. ಪೇಟೆಯ ರಸ್ತೆಯಲ್ಲಿ ಗಿರಾಕಿ ಜಾಸ್ತಿ, ಅಲ್ಲೊಂದು ಅಂಗಡಿ ಖಾಲಿಯಿದೆ ಎಂದು ಅವನು ಯಾರೂ ಕೇಳದಿದ್ದರೂ ಹೇಳಿದ. ಅವನ ಮುಖ ಮಾತ್ರ ಸುಣ್ಣದ ಗೋಡೆಯಾಗಿತ್ತು. ಮಧ್ಯಾಹ್ನ ಹೊಸ ಸೊಸೆಯ ಮನೆಯವರು ಬೀಗರ ಮನೆಗೆ ಹೋಗುತ್ತೇವೆ ಎಂದು ಪಾತ್ರೆಪಡಗವನ್ನೆಲ್ಲ ತುಂಬಿಕೊಂಡು ಹೊರಟರು. ಬೀಗರ ಮನೆಗೆ ಯಾರಾದರೂ ಬೀರು ಹೊತ್ತುಕೊಂಡು ಹೋಗುತ್ತಾರೆಯೇ ಎಂದು ಯಾರೂ ಕೇಳಲಿಲ್ಲ. ಒಂದು ಮನೆಯವರಿಗೆ ಇದ್ದಕ್ಕಿದ್ದಂತೆ ಗೋಡೆಯ ತೇವ ಆಗಿಬರಲಿಲ್ಲ, ಇನ್ನೊಂದು ಮನೆಯವರಿಗೆ ಮಕ್ಕಳ ಶಾಲೆ ದೂರವಾಯಿತು. ಕಲ್ಲು ಎಂಬ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಕೊನೆಗೆ ಹೊಲಿಗೆಯಕ್ಕ ತಾಯಿಯನ್ನೂ ಮೆಷಿನ್ನನ್ನೂ ಆಟೋದಲ್ಲಿ ಕೂರಿಸಿಕೊಂಡು ತಮ್ಮನ ಮನೆಗೆ ಹೋದಳು. ತಮ್ಮನ ಮೇಲಿನ ಅನುಮಾನ ಹೋಗಿರಲಿಲ್ಲ, ಆದರೆ ಬೇರೆ ದಾರಿಯಿರಲಿಲ್ಲ.

ಉಳಿದವನು ಸ್ಟೌ ರಿಪೇರಿಯವ ಒಬ್ಬನೇ. ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಜೀವ. ಬೀದಿ ಈಗ ಎಷ್ಟು ನೆಮ್ಮದಿಯಾಗಿದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಕಟಿಂಗ್ ಶಾಪಿನವ ಅವನನ್ನು ದಿನಾ ಹೊಸ ಅಂಗಡಿಗೆ ಕರೆಸಿ, ಪೇಪರ್ ಓದಿಸಿ, ಗಡ್ಡ ಮಾಡಿ, ಟೀ ಕುಡಿಸಿ, ಇನ್ನಷ್ಟು ಹೊತ್ತು ಕೂಡಿಸಿಕೊಳ್ಳುತ್ತಿದ್ದ. ಇವನಿಗೆ ಇದ್ದಕ್ಕಿದ್ದಂತೆ ನನ್ನ ಮೇಲೆ ಇಷ್ಟು ಪ್ರೀತಿ ಯಾಕೆ ಬಂತು, ಏನೋ ಮಸಲತ್ತು ಇದೆ ಎಂದು ಅವನು ಹೊಲಿಗೆಯಕ್ಕನಿಗೇ ಒಮ್ಮೆ ಹೇಳಿದ. ಹೌದು, ಹುಷಾರಾಗಿರು, ಅಲ್ಲೇ ಕೂತು ಅವನ ಮೇಲೆ ಕಣ್ಣಿಡು ಎಂದು ಅವಳು ಸಲಹೆ ಕೊಟ್ಟಳು.

ಹಾಗೆ ಅವನು ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಒಂದು ಬೆಳಗಿನ ಹೊತ್ತು, ಬೀದಿಯ ಕಡೆಯಿಂದ ಭಾರವಾದ ಬೀರುವನ್ನು ನೆಲದ ಮೇಲೆ ಎಳೆದಂಥ ಸದ್ದು ಬಂತು. ಸದ್ದು ಮುಗಿಯಲೇ ಇಲ್ಲ. ಆಮೇಲೆ ಕನ್ನಡಿ ಅದುರಿತು. ಜನ ಓಡಿ ಹೋಗಿ ನೋಡಿದಾಗ ಸಾಲಿನ ನಡುವಿನ ಮನೆಗಳು ಇರಲಿಲ್ಲ. ಕಲ್ಲು ರಸ್ತೆಯ ಅಂಚಿಗೆ ಬಂದು ನಿಂತಿತ್ತು, ಅದರ ಕೆಳಗಿನಿಂದ ಹೊಲಿಗೆಯಕ್ಕನ ಮನೆಯ ಕಿಟಕಿಯ ಕೆಂಪು ಚೌಕಟ್ಟಿನ ಒಂದು ತುಂಡು ಚಾಚಿಕೊಂಡಿತ್ತು. ಸ್ಟೌ ರಿಪೇರಿಯವ ಅರ್ಧ ಬೋಳಿಸಿದ ಮುಖದಲ್ಲಿ ನೋಡುತ್ತ ನಿಂತ, ಆಮೇಲೆ ರಸ್ತೆಯಲ್ಲೇ ಕುಕ್ಕರಿಸಿದ. ಯಾರ ಜೀವಕ್ಕೂ ಏನೂ ಆಗಲಿಲ್ಲ.

ತಮ್ಮನ ಮನೆಯಲ್ಲಿ ತಾಯಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು, “ಗುಂಡು ಬಂತಾ?”

ಕೆಲವು ವಾರಗಳ ಮೇಲೆ ಪದ ಕೇಳುವ ಹುಡುಗಿ ಸುದ್ದಿ ತಿಳಿದು ಬಂದಳು. ಉಪಕರಣ ಹೊತ್ತು ಬಂದಿದ್ದ ಆ ಇಬ್ಬರನ್ನು ಕಚೇರಿಗೆ ಅಲೆದು ಅಲೆದು ಕಳಿಸಿದ್ದು ಅವಳೇ ಎಂದು ಆಗ ಗೊತ್ತಾಯಿತು. ನಿಮ್ಮಮ್ಮ ಒರಳಿನ ಮಾತು ಹೇಳಿದಾಗಿನಿಂದ ಮನಸ್ಸು ನಿಲ್ಲಲಿಲ್ಲ ಎಂದಳು. ಹೊಲಿಗೆಯಕ್ಕನಿಗೆ ಮುಖ ಎತ್ತಲಾಗಲಿಲ್ಲ. ಆದರೂ ಟೀ ಲೋಟ ಕೊಡುವಾಗ, ನಿಜವಾಗಿ ಪದಕ್ಕೇ ಬಂದಿದ್ದೆಯಾ ಎಂದು ಇನ್ನೊಮ್ಮೆ ಕೇಳದೆ ಇರಲಿಲ್ಲ. ಹುಡುಗಿ ಹೌದಕ್ಕ ಎಂದಳು. ತಾಯಿ ಫೋನಿನ ಮುಂದೆ ಕೂತು ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳಿದಳು.

ಬಿದ್ದ ಕಲ್ಲನ್ನು ತೆರವು ಮಾಡಲು ಕ್ರಷರ್ ಮಾಲೀಕನೇ ಮುಂದೆ ಬಂದ. ಯಂತ್ರಗಳು ಮಾರನೆಯ ಬೆಳಿಗ್ಗೆಯೇ ಬಂದು ನಿಂತವು, ಯಾರೋ ಮೊದಲೇ ಹೇಳಿ ಇಟ್ಟಂತೆ. ಕಲ್ಲು ಜಲ್ಲಿಯಾಯಿತು. ಬೀದಿಯವರಿಗೆ ಪೇಟೆಯ ಆಚೆ ಜಾಗ ಕೊಟ್ಟರು, ಗುಡ್ಡದ ಈ ಬದಿ ಯಾರದೂ ಅಲ್ಲದೆ ಖಾಲಿ ಉಳಿಯಿತು. ಸ್ವಲ್ಪ ಕಾಲದಲ್ಲೇ ಅದಕ್ಕೂ ಕ್ರಷರಿನ ಬೇಲಿ ಬಿತ್ತು. ಕ್ರಷರ್ ಮಾಲೀಕನ ಕಣ್ಣು ಈ ಕಡೆ ಬೀಳುತ್ತದೆ ಎಂದು ಅವತ್ತು ಹೊಲಿಗೆಯಕ್ಕ ಅಂದದ್ದು ತಪ್ಪಾಗಿರಲಿಲ್ಲ, ಕಲ್ಲು ಜಾರಿದ್ದೂ ಸುಳ್ಳಾಗಿರಲಿಲ್ಲ. ಎರಡೂ ನಿಜವಾದರೆ ಒಂದಕ್ಕೂ ಇನ್ನೊಂದಕ್ಕೂ ನಂಟೇನು ಎಂದು ಅವಳು ಬಟ್ಟೆ ಕತ್ತರಿಸುತ್ತ ಕತ್ತರಿಸುತ್ತ ಯೋಚಿಸುತ್ತಿದ್ದಳು.

ತಾಯಿ ತೀರಿಕೊಂಡ ಮೇಲೆ, ಒಂದು ದಿನ ತಮ್ಮನು ಅವಳ ಹೊಸ ಮನೆಗೆ ಬಂದಿದ್ದಾಗ ಅವಳು ಕೇಳಿದಳು. ಆ ಕಡೆ ಕಲ್ಲು ಸಿಡಿಸುವಾಗ ಈ ಕಡೆ ಅದುರುತ್ತದೆ ಎಂದು ನಿನಗೆ ಗೊತ್ತಿತ್ತೇ ಎಂದು.

ಅವನು ಕೈಯ ಗಡಿಯಾರದ ಪಟ್ಟಿ ಬಿಚ್ಚಿ ಹಾಕುತ್ತ ಕೂತ. “ಸಿಡಿಸ್ತಿದ್ರು, ಅದು ಗೊತ್ತಿತ್ತು. ಅಷ್ಟು ಅದುರುತ್ತೆ ಅಂತ ಗೊತ್ತಿರ್ಲಿಲ್ಲಕ್ಕ. ಒಂದಿನ ಗಾಡಿ ನಿಲ್ಲಿಸಿಕೊಂಡಿದ್ದೆ, ಗಾಜು ನಡುಗ್ತು. ಅವತ್ತಿಂದ ಹೆದರಿಕೆ ಶುರುವಾಯ್ತು. ಅದಕ್ಕೇ ನಿಮ್ಮನ್ನ ಕರೆದೆ.”

“ಉಳಿದವರಿಗೆ ಯಾಕೆ ಹೇಳಲಿಲ್ಲ?”

ಅವನು ಪಟ್ಟಿ ಬಿಗಿದುಕೊಂಡು ಎದ್ದು ಹೊರಟ. ಮುಂದಿನ ತಿಂಗಳು ಕ್ರಷರ್ ಬಿಟ್ಟು ಹಾಲಿನ ವ್ಯಾನಿಗೆ ಸೇರಿದ. ತಾನಾಗಿ ಬಿಟ್ಟನೋ ಬಿಡಿಸಿದರೋ ಎಂಬುದು ಅವಳಿಗೆ ತಿಳಿಯಲಿಲ್ಲ, ಅವಳು ವಿಚಾರಿಸಲೂ ಇಲ್ಲ. ಅವನು ಈಗಲೂ ವಾರಕ್ಕೊಮ್ಮೆ ಬರುತ್ತಾನೆ. ಅವಳು ತಟ್ಟೆ ಹಾಕಿ, ಎದುರು ಕೂತು, ಅವನು ತಿನ್ನುವುದನ್ನು ನೋಡುತ್ತಾಳೆ. ಸಾಕು ಎಂದರೂ ಇನ್ನೊಂದು ಸೌಟು ಬಡಿಸುತ್ತಾಳೆ. ಅವನು ಹೇಳಿದ್ದರಲ್ಲಿ ಎಷ್ಟು ನಿಜ ಎಂದು ಅವಳು ಇನ್ನೂ ತೀರ್ಮಾನ ಮಾಡಿಲ್ಲ.